ಜೀಪಿಗೆ ಅಂಟಿಸಿದ ನೋಟಿಸು

ಊರಿನ ಯಾವ ಗೋಡೆ ಇನ್ನೆಷ್ಟು ಮಳೆಗಾಲ ನಿಂತೀತು ಎಂದು ಕಣ್ಣಳತೆಯಲ್ಲೇ ಹೇಳಬಲ್ಲ ಮನುಷ್ಯ, ತನ್ನ ಮನೆಯ ಮುಂದಿನ ಜೀಪಿನ ವಿಷಯ ಬಂದಾಗ ಮಾತ್ರ ನಾಲ್ಕು ವರ್ಷದಿಂದ ಬಾಯಿ ಬಿಟ್ಟಿರಲಿಲ್ಲ. ಅವರ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಎಲ್ಲರಿಗೂ ಅವರು ಬಿರುಕಪ್ಪನವರು. ನಗರಸಭೆಯ ಕಚೇರಿಯಲ್ಲಿ ಶಿಥಿಲ ಕಟ್ಟಡಗಳ ಪರಿಶೀಲಕರು. ಯಾರ ಮನೆಗೆ ಹೋದರೂ ಕುಳಿತುಕೊಳ್ಳುವ ಮೊದಲು ತಲೆಯೆತ್ತಿ ಸೂರು ನೋಡುತ್ತಾರೆ, ಕುಳಿತ ಮೇಲೆ ಗೋಡೆಗೆ ಬೆರಳಿನಿಂದ ಎರಡು ಸಲ ತಟ್ಟುತ್ತಾರೆ. ಮೊದಲ ಸಲ ಮಾವನ ಮನೆಗೆ ಹೋದಾಗ ಮಾವನ ಆರೋಗ್ಯ ಕೇಳುವುದಕ್ಕೆ ಮುಂಚೆ ತೊಲೆಯ ಆರೋಗ್ಯ ಕೇಳಿದರೆಂದು ಅವರ ಹೆಂಡತಿ ಇವತ್ತಿಗೂ ಹೇಳಿಕೊಂಡು ತಿರುಗುತ್ತಾರೆ.

ಅವರ ಮೇಜಿನ ಮೇಲೆ ಎರಡು ಮೊಹರು. ಒಂದರಲ್ಲಿ ‘ದುರಸ್ತಿ’, ಇನ್ನೊಂದರಲ್ಲಿ ‘ತೆರವು’. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಅವರ ಕೈ ಎರಡು ಮೊಹರುಗಳ ನಡುವೆ ಗಾಳಿಯಲ್ಲಿ ನಿಂತದ್ದಿಲ್ಲ. ಒಂದು ಕಟ್ಟಡಕ್ಕೆ ಹನ್ನೆರಡು ನಿಮಿಷ, ಅಷ್ಟೇ.

ಇನ್ನು ಜೀಪು. ಯಾವುದೋ ಅಣೆಕಟ್ಟಿನ ಕೆಲಸ ಮುಗಿದ ಮೇಲೆ ಹರಾಜಿಗೆ ಬಂದದ್ದನ್ನು ಬಿರುಕಪ್ಪನವರು ಎಂಟು ವರ್ಷದ ಹಿಂದೆ, ಮಗಳಿಗೆ ಏಳು ತುಂಬಿದ ವಾರ, ಯಾರನ್ನೂ ಕೇಳದೆ ತಂದು ನಿಲ್ಲಿಸಿದ್ದರು. ಮನೆಯ ತಾರಸಿಯ ಮೇಲೆ ನಿಂತರೆ ಊರಾಚೆ ಒಂದು ಬೆಟ್ಟ ಕಾಣುತ್ತದೆ. ಅದಕ್ಕಿದ್ದದ್ದು ಬರೀ ಕಲ್ಲುದಾರಿ, ಮಾಮೂಲಿ ಗಾಡಿ ಹತ್ತುವಂತಿರಲಿಲ್ಲ. “ಈ ರಜೆಗೆ ನಾವಿಬ್ಬರೇ ತುದಿಗೆ ಹೋಗೋಣ ಪುಟ್ಟಿ” ಎಂದಿದ್ದರು. ಆ ರಜೆಯಲ್ಲಿ ಒಂದು ಹಳೆಯ ಶಾಲೆಯ ಮಾಡು ಕುಸಿಯಿತು, ಅವರ ರಜೆ ರದ್ದಾಯಿತು. ಮುಂದಿನ ರಜೆಯಲ್ಲಿ ಮಳೆ, ಮಳೆಯೆಂದರೆ ಊರಿಗೆಲ್ಲ ಬಿರುಕಿನ ಸುಗ್ಗಿ. ಅದರ ಮುಂದಿನದ್ದರಲ್ಲಿ ಬಡ್ತಿ ಪರೀಕ್ಷೆ. ಹೀಗೇ ಆಗುತ್ತ ಆಗುತ್ತ ಜೀಪು ನಿಂತಲ್ಲೇ ಬೇರೂರಿತು. ಮಗಳು ಬೆಳೆದಳು. ತುಕ್ಕೂ ಅವಳ ಸಮಕ್ಕೆ ಬೆಳೆಯಿತು.

ಈಗ ವಿಷಯ ಕೆದಕಿದವನು ಹೆಂಡತಿಯ ತಮ್ಮ. ಹಳೆಯ ಗಾಡಿಗಳನ್ನು ಕೊಡಿಸುವುದು, ಮಾರಿಸುವುದು ಅವನ ಉದ್ಯೋಗ.

“ಭಾವ, ಒಂದು ಪುಟ್ಟ ಬಿಳಿ ಕಾರು ಬಂದಿದೆ. ಒಬ್ಬ ಡಾಕ್ಟರಮ್ಮ ಓಡಿಸಿದ್ದು, ಕನ್ನಡಿ ಕೂಡ ಒರೆಸಿಟ್ಟಿದಾರೆ. ಜೀಪು ಕೊಟ್ಟು ಅದನ್ನ ತಗೊಂಡುಬಿಡಿ. ಹದಿನೈದು ದಿನ ನಿಮಗೋಸ್ಕರ ತಡೆದಿಟ್ಟಿರ್ತೀನಿ. ಹದಿನಾರನೇ ದಿನ ನಾನು ನಿಮ್ಮ ಭಾವಮೈದುನ ಅಲ್ಲ, ವ್ಯಾಪಾರಿ.”

“ರಿಪೇರಿ ಮಾಡಿಸಿದರೆ ಹೇಗೆ?”

“ಯಾವುದನ್ನ ಭಾವ? ಅದರಲ್ಲಿ ಗಾಡಿ ಎಷ್ಟು, ತೂತು ಎಷ್ಟು?”

ಬಿರುಕಪ್ಪನವರಿಗೆ ಚುರುಕ್ಕೆಂದಿತು. ಮರುದಿನ ಬೆಳಿಗ್ಗೆಯೇ ಗ್ಯಾರೇಜಿನವನನ್ನು ಕರೆಸಿದರು. ಅವನು ಜೀಪನ್ನು ಒಂದು ಸುತ್ತು ಬಂದು, ಸ್ಕ್ರೂಡ್ರೈವರಿನ ತುದಿಯನ್ನು ಬಾಗಿಲಿಗೆ ಮೆಲ್ಲಗೆ ಒತ್ತಿದ. ಬಾಗಿಲು ತಡೆಯುವ ಮನಸ್ಸು ಮಾಡಲಿಲ್ಲ. ಸ್ಕ್ರೂಡ್ರೈವರು ಒಳಗೆ ಹೋಗಿ ಸೀಟಿನ ಯೋಗಕ್ಷೇಮ ವಿಚಾರಿಸಿ ಹೊರಗೆ ಬಂತು.

“ಏನಪ್ಪಾ, ಹೇಗಿದೆ?”

“ಸಾರ್, ತುಕ್ಕು ಪೂರ್ತಿ ತೆಗೆದುಬಿಟ್ರೆ ನಿಮಗೆ ಹಾರ್ನ್ ಒಂದು ಉಳಿಯುತ್ತೆ.”

“ಅಂದ್ರೆ ರಿಪೇರಿ ಆಗಲ್ಲ ಅಂತೀಯಾ?”

“ಯಾಕಾಗಲ್ಲ? ಅಡೀಲಿ ಚಾಸಿ ಗಟ್ಟಿ ಇದೆ. ಇಂಜಿನ್ ಬಿಚ್ಚಿ ಕಟ್ಟಬಹುದು. ನೆಲ ಹೊಸದು, ಬಾಗಿಲು ಹೊಸದು, ಮಡ್‌ಗಾರ್ಡು ಎರಡೂ ಹೊಸದು. ಎರಡು ತಿಂಗಳ ಕೆಲಸ. ಆಮೇಲೆ ಬೆಟ್ಟಕ್ಕೆ ಬಿಟ್ರೂ ಹತ್ತುತ್ತೆ.”

ಬೆಟ್ಟ ಎಂದದ್ದೇ ತಡ, ಬಿರುಕಪ್ಪನವರ ಕಿವಿ ನೆಟ್ಟಗಾದವು. “ಹಾಗಾದ್ರೆ ಮಾಡಿಸೋದೇ ಒಳ್ಳೇದು ಅನ್ನು.”

“ಅದು ನಂಗೆ ಹೇಗೆ ಗೊತ್ತಾಗಬೇಕು ಸಾರ್? ಇದರಲ್ಲಿ ಹತ್ತಿ ಕೂರೋರು ಯಾರಾದ್ರೂ ಇದ್ರೆ ಮಾಡಿಸಿ. ಇಲ್ದಿದ್ರೆ ಸುಮ್ನೆ ಯಾಕೆ? ಅವರನ್ನೇ ಒಂದ್ಮಾತು ಕೇಳಿ.”

ಬಾಗಿಲಲ್ಲಿ ನಿಂತಿದ್ದ ಹೆಂಡತಿ, “ಕೂರೋಳು ಒಳಗಡೆ ಲೆಕ್ಕ ಮಾಡ್ತಾ ಇದಾಳೆ. ಹೋಗಿ ಕೇಳ್ರೀ, ಎಷ್ಟು ಹೊತ್ತಿನ ಕೆಲಸ ಅದು” ಎಂದರು.

ಬಿರುಕಪ್ಪನವರು ಹೋದರು. ಮಗಳ ಕೋಣೆಯ ಬಾಗಿಲಲ್ಲಿ ನಿಂತರು. ಹದಿನೈದರ ಹುಡುಗಿ ಪೆನ್ಸಿಲು ಕಚ್ಚಿಕೊಂಡು ತಲೆಯೆತ್ತಿದಳು.

“ಏನಪ್ಪಾ?”

“ಏನಿಲ್ಲ ಪುಟ್ಟಿ. ಈ ಮೂಲೇಲಿ ಒಂದು ಬಿರುಕಿತ್ತಲ್ಲ, ಜಾಸ್ತಿ ಆಗಿದೆಯಾ ಅಂತ ನೋಡೋಕೆ ಬಂದೆ.”

“ಅದು ಜೇಡರಬಲೆ ಅಪ್ಪಾ.”

“ಹೌದಾ. ಸರಿ ಸರಿ. ಓದ್ಕೋ.”

ಬಂದ ದಾರಿಗೆ ಸುಂಕವಿಲ್ಲವೆಂಬಂತೆ ಹಿಂತಿರುಗಿದ ಗಂಡನನ್ನು ಹೆಂಡತಿ ಸೊಂಟಕ್ಕೆ ಕೈಯಿಟ್ಟು ನೋಡಿದರು. “ಕೇಳಿದ್ರಾ?”

“ಇಂಥಾದ್ದನ್ನೆಲ್ಲ ಬಾಯಿಮಾತಲ್ಲಿ ಕೇಳಬಾರದು ಕಣೇ. ಅದಕ್ಕೊಂದು ಪದ್ಧತಿ ಅಂತ ಇರುತ್ತೆ.”

ನಿಜ ಹೇಳಬೇಕೆಂದರೆ, ಕೇಳಿದರೆ ಅವಳು ಉತ್ತರ ಹೇಳಿಬಿಟ್ಟಾಳು ಎಂಬುದೇ ಅವರ ಭಯ. ಬೆಟ್ಟಕ್ಕೆ ಹೋಗಬೇಕು ಎಂದು ಅವಳ ಮನಸ್ಸಿನಲ್ಲಿ ಇನ್ನೂ ಇದ್ದರೆ ಜೀಪು ದುರಸ್ತಿ. ಇಲ್ಲದಿದ್ದರೆ ಬಿಳಿ ಕಾರು. ಇಷ್ಟೇ ವಿಷಯ. ಆದರೆ ಎದುರಿಗೆ ನಿಂತು ‘ಇಲ್ಲ’ ಎಂದು ಕೇಳಿಸಿಕೊಳ್ಳುವ ಎದೆಗಾರಿಕೆ ಅವರಲ್ಲಿ ಇರಲಿಲ್ಲ. ಊರವರ ಮನೆಗಳಿಗೆ ‘ತೆರವು’ ಮೊಹರು ಒತ್ತುವುದು ಬೇರೆ ವಿದ್ಯೆ.

ಆದ್ದರಿಂದ ಅವರು ತಮಗೆ ಗೊತ್ತಿದ್ದ ಪದ್ಧತಿಯನ್ನೇ ಹಿಡಿದರು. ಕಟ್ಟಡ ಕೆಡವುವ ಮುನ್ನ ಅದರ ಮೇಲೆ ನೋಟಿಸು ಅಂಟಿಸಬೇಕು, ಹದಿನೈದು ದಿನ ಆಕ್ಷೇಪಣೆಗೆ ಕಾಯಬೇಕು. ಒಂದು ಬಿಳಿ ಹಾಳೆಯ ಮೇಲೆ ಬರೆಯತೊಡಗಿದರು. ಪೆನ್ನು ಕಾಗದ ಮುಟ್ಟಿದ್ದೇ ತಡ, ಇಪ್ಪತ್ತೆರಡು ವರ್ಷದ ವಾಕ್ಯ ತಾನೇ ತಾನಾಗಿ ಹರಿಯಿತು: ‘ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ತಿಳಿಸುವುದೇನೆಂದರೆ, ಸದರಿ ಸ್ಥಳದಲ್ಲಿರುವುದು ಬಹುಕಾಲದಿಂದ ಶಿಥಿಲಗೊಂಡು ವಾಸಕ್ಕೆ ಅಪಾಯಕಾರಿಯೆಂದು ಕಂಡುಬಂದಿರುವುದರಿಂದ, ಹದಿನೈದು ದಿನಗಳೊಳಗೆ ಲಿಖಿತ ಆಕ್ಷೇಪಣೆ ಬಾರದಿದ್ದಲ್ಲಿ ತೆರವುಗೊಳಿಸಲಾಗುವುದು.’ ಜೀಪು ಎಂಬ ಮಾತು ಅದರಲ್ಲಿ ಎಲ್ಲೂ ಬರಲಿಲ್ಲ. ಕೆಳಗೆ ಸಹಿ. ಸಹಿಯ ಪಕ್ಕದಲ್ಲಿ ಕೈ ತಡೆಯಲಾರದೆ ಒಂದು ನೋಟಿಸು ಸಂಖ್ಯೆ. ಅದನ್ನು ಜೀಪಿನ ಬಾಗಿಲಿಗೆ ಅಂಟಿಸಿ, ಗೇಟಿಗೊಂದು ರಟ್ಟಿನ ಡಬ್ಬಿ ಕಟ್ಟಿ, ದಾರಕ್ಕೊಂದು ಪೆನ್ನು ಇಳಿಬಿಟ್ಟು, ಮಗಳ ಕೈಗೆ ಎಟಕುತ್ತದೆಯೇ ಎಂದು ಎರಡು ಸಲ ನೋಡಿ, ಸಂತೃಪ್ತರಾಗಿ ಬಸ್ಸು ಹತ್ತಿದರು.

ಆ ಜೀಪಿನ ಮೇಲೆ ಕಾಗದ ಅಂಟಿಸುವುದು ಬೀದಿಗೆ ಹೊಸದಲ್ಲ. ನೀರು ಬಿಡುವ ಹೊತ್ತು, ಕಳೆದುಹೋದ ಬೆಕ್ಕು, ಬಾಡಿಗೆಗೆ ಕೋಣೆ, ಎಲ್ಲ ಸಮಾಚಾರಕ್ಕೂ ಅದೇ ಹಲಗೆ. ಆದ್ದರಿಂದ ಎಂಟು ಗಂಟೆಗೆ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕನ್ನಡಕ ಏರಿಸಿಕೊಂಡು ನೋಟಿಸು ಓದಿದಾಗ ಅದು ಜೀಪಿನ ಮೇಲಿದೆ ಎಂಬುದನ್ನು ಗಮನಿಸಲೇ ಇಲ್ಲ. ಬಿರುಕಪ್ಪನವರ ಸಹಿಯನ್ನು ಗಮನಿಸಿದರು. ‘ವಾಸಕ್ಕೆ ಅಪಾಯಕಾರಿ’ ಎಂಬುದನ್ನು ಗಮನಿಸಿದರು. ಅವರ ಕೈಯಲ್ಲಿದ್ದ ಪತ್ರಿಕೆ ನೆಲಕ್ಕೆ ಬಿತ್ತು.

“ಟೈಲರಮ್ಮಾ! ಹೊರಗೆ ಬನ್ನಿ! ನಮ್ಮ ಸಾಲುಮನೆ ಕೆಡವ್ತಾರಂತೆ!”

ಎದುರುಮನೆಯ ಟೈಲರಕ್ಕ ಕೊರಳಿಗೆ ಅಳತೆಯ ಟೇಪು ಹಾಕಿಕೊಂಡೇ ಓಡಿಬಂದರು. “ಯಾರು ಕೆಡವೋದು?”

“ಇನ್ಯಾರು? ನಮ್ಮ ಬಿರುಕಪ್ಪ! ಪಕ್ಕದಲ್ಲೇ ಇದ್ಕೊಂಡು! ಮೊನ್ನೆ ನಮ್ಮನೆಗೆ ಬಂದು ಟೀ ಕುಡೀತಾ ಗೋಡೆ ತಟ್ಟಿದಾಗಲೇ ನಂಗೆ ಅನುಮಾನ ಬಂತು. ಟೀ ಚೆನ್ನಾಗಿದೆ ಅಂತ ಒಂದು ಮಾತು ಹೇಳಲಿಲ್ಲ, ಗಾರೆ ಪುಡಿಯಾಗ್ತಿದೆ ಅಂದ.”

“ನಮ್ಮನೇಲೂ ತಟ್ಟಿದ್ರು ಮೇಷ್ಟ್ರೇ! ಎರಡು ಸಲ!”

ಹತ್ತು ಗಂಟೆಯ ಹೊತ್ತಿಗೆ ಎರಡು ಸಲ ತಟ್ಟಿಸಿಕೊಳ್ಳದ ಮನೆಯೇ ಬೀದಿಯಲ್ಲಿ ಇಲ್ಲವೆಂದು ತಿಳಿದುಬಂತು. ಮೇಷ್ಟ್ರು ನಾಲ್ಕು ಪುಟದ ಆಕ್ಷೇಪಣೆ ಬರೆದರು. ಉಳಿದವರು ಅದನ್ನೇ ನೋಡಿ ನಕಲು ಮಾಡಿದರು. ಜೀವಮಾನವೆಲ್ಲ ನಕಲು ಹಿಡಿದ ಮೇಷ್ಟ್ರು ಅವತ್ತು ತಾವೇ ನಿಂತು ಮಾಡಿಸಿದರು. ಗೇಟಿನ ಡಬ್ಬಿಯನ್ನು ನಂಬದೆ ಎಲ್ಲರೂ ಮೆರವಣಿಗೆ ಹೊರಟಂತೆ ನೇರ ಕಚೇರಿಗೇ ಹೋದರು.

ಬಿರುಕಪ್ಪನವರು ಆಗ ಊರಿನ ಇನ್ನೊಂದು ತುದಿಯಲ್ಲಿ ಒಂದು ಉಗ್ರಾಣದ ಮಾಡಿನ ಮೇಲೆ ಕೂತಿದ್ದರು. ಕಚೇರಿಯಲ್ಲಿ ಪತ್ರಗಳನ್ನು ತೆಗೆದುಕೊಂಡವರು ಟಪಾಲಿನ ಮೇಡಂ. ಅವರು ದಾಖಲೆ ಪುಸ್ತಕ ತೆರೆದು ಆ ಸಂಖ್ಯೆ ಹುಡುಕಿದರು. ಇರಲಿಲ್ಲ. ನೋಟಿಸು ಸುಳ್ಳಿರಬಹುದೆಂದು ಬೇರೆ ಯಾರಾದರೂ ಅಂದುಕೊಳ್ಳುತ್ತಿದ್ದರು. ಮೇಡಂ ಅಂಥವರಲ್ಲ. ಪುಸ್ತಕದಲ್ಲೇ ಬಿಟ್ಟುಹೋಗಿದೆ ಎಂದು ತೀರ್ಮಾನಿಸಿ, ಖಾಲಿ ಸಾಲಿನಲ್ಲಿ ಸಂಖ್ಯೆಯನ್ನು ಬರೆದು, ಕಡತ ತೆರೆದು, ದಾರ ಕಟ್ಟಿ, ಹದಿನೈದನೆಯ ದಿನ ದೊಡ್ಡ ಸಾಹೇಬರಿಂದ ಸ್ಥಳ ವಿಚಾರಣೆ ಎಂದು ನಮೂದಿಸಿದರು.

ಸಂಜೆ ಬಿರುಕಪ್ಪನವರು ಬಂದಾಗ ಮೇಡಂ ಮುಖ ಅರಳಿಸಿ, “ಸಾರ್, ಒಂದು ನಂಬರು ಎಂಟ್ರಿ ಮಾಡ್ಸೋದು ಮರೆತಿದ್ರಿ. ನಾನೇ ಹಾಕಿ ನಿಮ್ಮನ್ನ ಉಳಿಸಿದೀನಿ” ಎಂದರು.

ಕಡತ ನೋಡಿದ ಬಿರುಕಪ್ಪನವರು ಅದರ ದಾರ ಬಿಚ್ಚಿ ಮತ್ತೆ ಕಟ್ಟಿದರು. ಆಗಲೇ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಏನೆಂದು ಹೇಳುವುದು? ಮಗಳನ್ನು ಕೇಳಲು ಧೈರ್ಯ ಸಾಲದೆ ಜೀಪಿಗೆ ನೋಟಿಸು ಕೊಟ್ಟೆ ಎಂದು ಹೇಳಲು ಯಾವ ನಮೂನೆಯಲ್ಲೂ ಕಾಲಂ ಇರಲಿಲ್ಲ. “ಉಪಕಾರ ಆಯ್ತು ಮೇಡಂ” ಎಂದು ಹೊರಟುಬಂದರು.

ಬೀದಿಯ ತಿರುವಿನಲ್ಲೇ ಜನ ಮುತ್ತಿಕೊಂಡರು. ಅವರು ಎರಡೂ ಕೈ ಎತ್ತಿ ಕೂಗಿದರು: “ಅದು ಮನೆಗಲ್ಲ ಮಾರಾಯ್ರೇ! ಜೀಪಿಗೆ! ನನ್ನ ಜೀಪಿಗೆ ನಾನೇ ಕೊಟ್ಟ ನೋಟಿಸು!”

ಎಲ್ಲರೂ ನಿಟ್ಟುಸಿರು ಬಿಡಬೇಕಿತ್ತು.

“ಜೀಪಿಗಾ?” ಟೈಲರಕ್ಕನ ದನಿ ಒಂದು ಅಂತಸ್ತು ಮೇಲೇರಿತು. “ಜೀಪು ತೆಗೆದ್ರೆ ನಾನು ಬಟ್ಟೆ ಎಲ್ಲಿ ಒಣಗಿಸ್ಲಿ ಅಣ್ಣಾ? ಆ ಬಾನೆಟ್ಟಿನ ಮೇಲೆ ಬೀಳೋ ಬಿಸಿಲು ಈ ಬೀದೀಲಿ ಇನ್ನೆಲ್ಲಿದೆ?”

“ನನ್ನ ಇಸ್ತ್ರಿ ಗಂಟೆಲ್ಲ ಹಿಂದಿನ ಸೀಟಲ್ಲಿದೆ ಸಾರ್,” ಎಂದ ಇಸ್ತ್ರಿಯವನು. “ಐದು ವರ್ಷದಿಂದ. ನಿಮಗೆ ಹೇಳ್ಬೇಕು ಅಂತಿದ್ದೆ.”

“ಸಂಜೆ ಹೊತ್ತು ನಾನು ಪೇಪರ್ ಓದೋದು ಡ್ರೈವರ್ ಸೀಟಲ್ಲಿ,” ಎಂದರು ಮೇಷ್ಟ್ರು ಗಂಭೀರವಾಗಿ. “ಮನೇಲಿ ಟೀವಿ ಗಲಾಟೆ. ಬಿರುಕಪ್ಪಾ, ಮನೆ ಬೇಕಾದ್ರೆ ಕೆಡವಯ್ಯಾ, ಯೋಚನೆ ಮಾಡೋಣ. ಜೀಪಿನ ತಂಟೆಗೆ ಬರಬೇಡ.”

ಹಳೆಯ ಆಕ್ಷೇಪಣೆಗಳ ಜೊತೆಗೆ ಹೊಸವು ಸೇರಿದವು. ಜೀಪಿನ ಅಡಿಯಲ್ಲಿ ಮರಿಹಾಕಿದ ಬೆಕ್ಕಿನ ಪರವಾಗಿಯೂ ಒಂದು ಬಂತು. ಬಿರುಕಪ್ಪನವರು ದಿನಾ ಸಂಜೆ ಡಬ್ಬಿ ಬಿಚ್ಚುವರು, ಒಂದೊಂದೇ ಕಾಗದ ಬಿಡಿಸಿ ಅಕ್ಷರ ನೋಡುವರು, ಮಡಿಚುವರು. ಅವರು ಹುಡುಕುತ್ತಿದ್ದದ್ದು ಒಂದೇ ಕೈಬರಹ. ಮೇಷ್ಟ್ರದ್ದು ಬಂತು, ಟೈಲರಕ್ಕನದ್ದು ಮೂರು ಸಲ ಬಂತು. ಅದೊಂದು ಬರಲಿಲ್ಲ.

ಮಗಳು ಆ ನೋಟಿಸನ್ನು ಓದಿಯೇ ಇಲ್ಲವೇನೋ ಎಂದು ಅವರಿಗೆ ಅನುಮಾನ. ಒಂದು ಬೆಳಿಗ್ಗೆ ಕಿಟಕಿಯ ಹಿಂದೆ ಅಡಗಿ ನೋಡಿದರು. ಅವಳು ಶಾಲೆಗೆ ಹೊರಟವಳು ಜೀಪಿನ ಬಳಿ ನಿಂತಳು. ಗಾಳಿಗೆ ಕಿತ್ತುಬಂದಿದ್ದ ನೋಟಿಸಿನ ಮೂಲೆಯನ್ನು ಅವಳು ಹೆಬ್ಬೆರಳಿನಿಂದ ಒತ್ತಿ, ನೀಟಾಗಿ ಅಂಟಿಸಿ, ಮುಂದೆ ಹೋದಳು.

ರಾತ್ರಿ ಊಟಕ್ಕೆ ಕೂತಾಗ ಅವರು ಗಂಟಲು ಸರಿಮಾಡಿಕೊಂಡು, ಗೋಡೆಗೆ ಹೇಳುವವರಂತೆ, “ನೋಟಿಸಿಗೆ ಇನ್ನು ಆರೇ ದಿನ” ಎಂದರು.

“ಹೌದಾ ಅಪ್ಪಾ? ಉಪ್ಪು ಈ ಕಡೆ ಕೊಡು.”

ಹೆಂಡತಿ ಗಂಡನ ಮುಖವನ್ನೊಮ್ಮೆ, ಮಗಳ ಮುಖವನ್ನೊಮ್ಮೆ ನೋಡಿ, ಇನ್ನೊಂದು ತುತ್ತು ಬಾಯಿಗಿಟ್ಟುಕೊಂಡರು.

ಹದಿನೈದನೆಯ ದಿನ ಮಧ್ಯಾಹ್ನ ದೊಡ್ಡ ಸಾಹೇಬರ ಕಾರು ಬಂತು. ಬೀದಿಗೆ ಬೀದಿಯೇ ಹೊರಗೆ ನಿಂತಿತ್ತು. ಬಿಳಿ ಕಾರನ್ನು ಹಿಂದೆ ನಿಲ್ಲಿಸಿಕೊಂಡು ಭಾವಮೈದುನನೂ ಹಾಜರಿದ್ದ. ಸಾಹೇಬರು ಕಡತ ಹಿಡಿದು ಇಳಿದರು, ಅತ್ತಿತ್ತ ನೋಡಿದರು.

“ಕಟ್ಟಡ ಎಲ್ಲಿದೇರೀ?”

ಬಿರುಕಪ್ಪನವರು ತೋರಿಸಿದರು. ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಇದಕ್ಕೆ ಚಕ್ರ ಇದೆ.”

“ಹೌದು ಸಾರ್. ನಾಲ್ಕು.”

“ಮಾಲೀಕರು ಯಾರು?”

“ನಾನೇ ಸಾರ್.”

“ಪರಿಶೀಲನೆ ಮಾಡಿ ನೋಟಿಸು ಕೊಟ್ಟವರು?”

“ಅದೂ ನಾನೇ ಸಾರ್.”

“ಅಂದ್ರೆ ನೀವೇ ನಿಮಗೆ ನೋಟಿಸು ಕೊಟ್ಟು, ನೀವೇ ಉತ್ತರ ಕೊಡದೆ ಕೂತಿದೀರಿ. ಈಗ ನಿಮ್ಮ ಮೇಲೆ ಕ್ರಮ ತಗೋಬೇಕಾದವರು ಯಾರು?”

“ಆ ಫೈಲೂ ನನ್ನ ಟೇಬಲ್ಲಿಗೇ ಬರುತ್ತೆ ಸಾರ್.”

ಸಾಹೇಬರು ಆಕಾಶ ನೋಡಿದರು. ಕಡತವನ್ನು ಅಲ್ಲೇ ಹರಿದುಹಾಕುವ ಆಸೆ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು. ಆದರೆ ಸಂಖ್ಯೆ ಬಿದ್ದ ಕಡತ, ಅದರೊಳಗೆ ರಾಶಿ ಆಕ್ಷೇಪಣೆ. ಮುಗಿಸದೆ ವಿಧಿಯಿಲ್ಲ. ಬಾನೆಟ್ಟಿನ ಮೇಲಿದ್ದ ಒದ್ದೆ ಬಟ್ಟೆ ಸರಿಸಿ ಕಡತ ಇಟ್ಟು ವಿಚಾರಣೆ ಶುರು ಮಾಡಿದರು. ಮೇಷ್ಟ್ರು ಎದ್ದುನಿಂತು ತಮ್ಮ ನಾಲ್ಕು ಪುಟ ಓದತೊಡಗಿದರು. ಎರಡನೆಯ ಪುಟದಲ್ಲಿ ಸಾಹೇಬರು ಕೈ ಎತ್ತಿದರು.

“ಮೇಷ್ಟ್ರೇ, ಇದು ಒಬ್ಬರ ಖಾಸಗಿ ಸ್ವತ್ತು. ಬೀದಿಯವರ ಆಕ್ಷೇಪಣೆ ಎಲ್ಲಾ ವಜಾ. ಮಾಲೀಕರ ಮನೆಯವರು ಹೇಳಿದ್ದಷ್ಟೇ ಲೆಕ್ಕಕ್ಕೆ. ಮನೆಯವರು ಯಾರಿದೀರಿ?”

ಹೆಂಡತಿ ಮುಂದೆ ಬಂದರು. “ನಂಗೇನೂ ಇಲ್ಲ ಸಾರ್. ಮಗಳು ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ. ಇದು ಅವಳಿಗೋಸ್ಕರ ಬಂದಿದ್ದು.”

ಮಗಳು ಆಗ ತಾನೇ ಶಾಲೆಯಿಂದ ಬಂದು ಬೆನ್ನಿನ ಚೀಲ ಇಳಿಸದೆ ಗುಂಪಿನ ಅಂಚಿನಲ್ಲಿ ನಿಂತಿದ್ದಳು. ಎಲ್ಲರೂ ಅವಳಿಗೆ ದಾರಿ ಬಿಟ್ಟರು.

“ಹೇಳಮ್ಮಾ,” ಎಂದರು ಸಾಹೇಬರು, “ಇದನ್ನ ಇಲ್ಲಿಂದ ತೆಗೆಯೋದಕ್ಕೆ ನಿನ್ನದೇನಾದ್ರೂ ಆಕ್ಷೇಪಣೆ ಇದೆಯಾ?”

ಅವಳು ಜೀಪು ನೋಡಿದಳು. “ಇಲ್ಲ ಸಾರ್.”

“ಅವಸರ ಮಾಡಬೇಡ ಪುಟ್ಟಿ,” ಬಿರುಕಪ್ಪನವರ ದನಿ ತಾನಾಗಿ ಎದ್ದುಬಂತು. “ಚಾಸಿ ಗಟ್ಟಿ ಇದೆಯಂತೆ. ಎರಡು ತಿಂಗಳಲ್ಲಿ ರೆಡಿ ಆಗುತ್ತೆ. ನಾವು ಬೆಟ್ಟಕ್ಕೆ ಹೋಗಬೇಕು ಅಂತ ಇತ್ತಲ್ಲ, ನೀನೂ ನಾನೂ…”

“ಬೆಟ್ಟಕ್ಕೆ ನಾನು ಹೋಗಿ ಬಂದೆನಲ್ಲಪ್ಪಾ. ಹೋದ ವರ್ಷ. ಸ್ಕೂಲಿಂದ, ಬಸ್ಸಲ್ಲಿ.”

“ಬಸ್ಸಲ್ಲಿ? ಅಲ್ಲಿಗೆ ಬಸ್ಸೆಲ್ಲಿ ಹತ್ತುತ್ತೆ?”

“ಈಗ ಟಾರ್ ರಸ್ತೆ ಆಗಿದೆಯಪ್ಪಾ. ಮೂರು ವರ್ಷ ಆಯ್ತು.”

“ನಂಗೆ ಹೇಳಲೇ ಇಲ್ಲ.”

“ಒಪ್ಪಿಗೆ ಪತ್ರಕ್ಕೆ ನೀನೇ ಸಹಿ ಹಾಕಿದೆಯಲ್ಲ. ಅವತ್ತು ನೀನು ಫೈಲು ತಂದ್ಕೊಂಡು ಕೂತಿದ್ದೆ. ನಾನು ಬೆಟ್ಟಕ್ಕೆ ಅಂದೆ. ನೀನು, ‘ಕಾಲಂ ಎಲ್ಲಾ ತುಂಬಿದೀಯಾ?’ ಅಂತ ಕೇಳಿ ಸಹಿ ಹಾಕಿದೆ.”

ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ಟೈಲರಕ್ಕ ಟೇಪನ್ನು ಬೆರಳಿಗೆ ಸುತ್ತತೊಡಗಿದರು. ಮೇಷ್ಟ್ರು ನಾಲ್ಕು ಪುಟವನ್ನು ಮಡಿಚಿ ಜೇಬಿಗೆ ಹಾಕಿಕೊಂಡರು. ಭಾವಮೈದುನ ಕೂಡ ಬಿಳಿ ಕಾರಿಗೆ ಆತುಕೊಂಡಿದ್ದವನು ನೆಟ್ಟಗೆ ನಿಂತ.

ಸಾಹೇಬರು ತುಂಬ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಆಮೇಲೆ ಮೆಲ್ಲಗೆ, “ಆದೇಶ ನೀವೇ ಬರೀರಿ, ನಾನು ಸಹಿ ಹಾಕ್ತೀನಿ” ಎಂದರು.

ಬಿರುಕಪ್ಪನವರು ಬಾನೆಟ್ಟಿನ ಮೇಲೆ ಕಾಗದವಿಟ್ಟು ಬರೆದರು: ‘ಮನೆಯವರ ಆಕ್ಷೇಪಣೆ ಇಲ್ಲದ ಕಾರಣ ತೆರವು.’ ಇಷ್ಟು ಬರೆಯಲು ಅವರಿಗೆ ಹನ್ನೆರಡು ನಿಮಿಷಕ್ಕಿಂತ ಹೆಚ್ಚು ಹಿಡಿಯಿತು. ಯಾರೂ ಗಡಿಯಾರ ನೋಡಲಿಲ್ಲ.

ಸಂಜೆಯ ಬಿಸಿಲಿರುವಾಗಲೇ ಕೆಲಸ ಮುಗಿಸೋಣವೆಂದು ಭಾವಮೈದುನ ಬಿಳಿ ಕಾರಿನ ಹಿಂದೆ ಹಗ್ಗ ಕಟ್ಟಿದ. ಬೆಕ್ಕು ತನ್ನ ಮರಿಗಳನ್ನು ಟೈಲರಕ್ಕನ ಮೆಟ್ಟಿಲಿಗೆ ಸಾಗಿಸಿತು. ಇಸ್ತ್ರಿ ಗಂಟುಗಳು ಇಳಿದವು, ಅವುಗಳಡಿಯಲ್ಲಿ ಮೇಷ್ಟ್ರ ಕಳೆದುಹೋಗಿದ್ದ ಎರಡು ಕನ್ನಡಕ ಸಿಕ್ಕವು. ಗುಜರಿ ಅಂಗಡಿ ಊರಾಚೆಯ ರಸ್ತೆಯಲ್ಲಿ. ಎಳೆದುಕೊಂಡು ಹೋಗುವ ಗಾಡಿಯಾದರೂ ಸ್ಟೀರಿಂಗ್ ಹಿಡಿಯಲು ಒಬ್ಬರು ಬೇಕು. ಬಿರುಕಪ್ಪನವರು ಹತ್ತಿ ಕುಳಿತರು.

ಪಕ್ಕದ ಬಾಗಿಲು ಕಿರುಗುಟ್ಟಿತು. ಮಗಳು ತೂತಿರದ ಕಡೆ ಕಾಲಿಡುತ್ತ ಒಳಗೆ ಬಂದು ಕೂತಳು.

“ಹೋಮ್‌ವರ್ಕ್ ಇಲ್ವಾ?”

“ಇದೆ.”

ಹಗ್ಗ ಬಿಗಿಯಾಯಿತು. ಎಂಟು ವರ್ಷಕ್ಕೆ ಮೊದಲ ಸಲ ಅವರಿಬ್ಬರೇ ಕೂತ ಜೀಪು ಹೊರಟಿತು. ಕಾಲಡಿಯ ತೂತುಗಳಲ್ಲಿ ರಸ್ತೆ ಹಿಂದಕ್ಕೆ ಹರಿಯುತ್ತಿತ್ತು. ಬೀದಿ ದಾಟುವ ತನಕ ಬಿರುಕಪ್ಪನವರು ಎಡಬಲದ ಗೋಡೆಗಳತ್ತ ಒಮ್ಮೆಯೂ ಕಣ್ಣು ಹಾಯಿಸಲಿಲ್ಲ. ಆಮೇಲೆ ಕೇಳಿದರು, “ಹೇಗಿತ್ತು?”

“ಯಾವುದು?”

“ಬೆಟ್ಟ.”

“ಚೆನ್ನಾಗಿತ್ತಪ್ಪಾ.”

“ಹಾಗಲ್ಲ. ಮೊದಲಿಂದ ಹೇಳು. ಬಸ್ಸು ಹತ್ತಿದಾಗಿಂದ.”

ಅವಳು ನಕ್ಕಳು. ಹೇಳತೊಡಗಿದಳು. ಕಿಟಕಿ ಪಕ್ಕದ ಸೀಟಿಗೆ ನಡೆದ ಜಗಳ, ಬುಡದಲ್ಲಿದ್ದ ಕಲ್ಲುಕ್ವಾರಿ, ಮೊದಲ ತಿರುವಿನಲ್ಲಿ ವಾಂತಿ ಮಾಡಿದ ಗೆಳತಿ, ಅವಳಿಗಿಂತ ಜೋರಾಗಿ ವಾಂತಿ ಮಾಡಿದ ಟೀಚರು. ಬಿರುಕಪ್ಪನವರು ಹೂಂ ಹೂಂ ಎನ್ನುತ್ತ, ಇಲ್ಲದ ಗೇರು ಬದಲಿಸುತ್ತ ಕೇಳಿದರು. ಎರಡನೆಯ ತಿರುವಿನಲ್ಲಿ ಊರು ಕಂಡಿತಂತೆ. ಅವಳು ತಮ್ಮ ಮನೆ ಎಲ್ಲಿ ಅಂತ ಹುಡುಕಿದಳಂತೆ.

“ಕಂಡಿತಾ?”

“ಮನೆ ಸರಿಯಾಗಿ ಕಾಣಲಿಲ್ಲ. ತಾರಸಿ ಮೇಲೆ ಯಾರೋ ಇದ್ದ ಹಾಗಿತ್ತು, ಅಷ್ಟೇ. ಆಮೇಲೆ ಮೂರನೇ ತಿರುವಲ್ಲಿ ಬಸ್ಸು ನಿಂತಿತು. ಅಲ್ಲಿ ಗಾಳಿ ಎಷ್ಟಿತ್ತು ಅಂದ್ರೆ…”

ಹಗ್ಗ ಸಡಿಲಾಯಿತು. ಜೀಪು ಒಮ್ಮೆ ಮುಗ್ಗರಿಸಿ ನಿಂತಿತು. ಭಾವಮೈದುನ ಇಳಿದು ಬಂದು, ಗುಜರಿ ಅಂಗಡಿಯ ತೆರೆದ ಗೇಟು ತೋರಿಸಿ, ಗಾಜಿಲ್ಲದ ಕಿಟಕಿಯಲ್ಲಿ ಬಗ್ಗಿದ.

“ಭಾವ, ಬಂತು. ಇಳೀರಿ.”

ಬಿರುಕಪ್ಪನವರು ಸ್ಟೀರಿಂಗ್ ಬಿಡಲಿಲ್ಲ. ಅವನ ಕಡೆ ತಿರುಗಲೂ ಇಲ್ಲ.

“ಒಂದೈದು ನಿಮಿಷ ತಡಿಯೋ,” ಎಂದರು. “ನಾವಿನ್ನೂ ತುದಿಗೆ ಹೋಗಿಲ್ಲ.”